ಅದಿರು ಕರಗಿಸೋಕೆ ಒಂದೇ ಬ್ಯಾಕ್ಟೀರಿಯಾ ಸಾಲದಾ?

ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ಇದು. ಬಯೋಲೀಚಿಂಗ್ ಅಂದರೆ ಬ್ಯಾಕ್ಟೀರಿಯಾ ಬಳಸಿ ಅದಿರಿನಿಂದ ತಾಮ್ರದಂಥ ಲೋಹ ಬಿಡಿಸೋದು. ಹಾಗಾದರೆ ಗಟ್ಟಿಗನೊಬ್ಬನನ್ನು ಆರಿಸಿ ಅವನನ್ನೇ ಬೆಳೆಸಿದರೆ ಆಗಲ್ವಾ? ಗಣಿಯಲ್ಲಿ ಇಷ್ಟೊಂದು ಜಾತಿಗಳ ಸಂತೆ ಯಾಕೆ?

ಬೇಸಿಕ್ಸ್ ಒಂದೇ ಉಸಿರಿನಲ್ಲಿ ಹೇಳಿಬಿಡ್ತೀನಿ. ಅದಿರನ್ನು ಮುಖ್ಯವಾಗಿ ಕರಗಿಸೋದು ಫೆರಿಕ್ ಕಬ್ಬಿಣ, ಅಂದರೆ ಮೂರು ಎಲೆಕ್ಟ್ರಾನ್ ಕಳಕೊಂಡ ಕಬ್ಬಿಣ. ಅದು ಅದಿರಿನ ಎಲೆಕ್ಟ್ರಾನ್ ಕಿತ್ತುಕೊಂಡು ಫೆರಸ್ (ಎರಡೇ ಕಳಕೊಂಡ ರೂಪ) ಆಗುತ್ತದೆ, ತಾಮ್ರ ನೀರಿಗಿಳಿಯುತ್ತದೆ. ಆ ಫೆರಸ್ ಅನ್ನು ಮತ್ತೆ ಫೆರಿಕ್ ಮಾಡಿ ಬದುಕೋದು ಆಸಿಡಿಥಿಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್, ಲೆಪ್ಟೋಸ್ಪಿರಿಲಮ್ ಥರದ ಬ್ಯಾಕ್ಟೀರಿಯಾಗಳು. ಆಮ್ಲದ ನೀರಿನಲ್ಲಿ ಇದು ತಾನಾಗೇ ಆಗಲಿ ಅಂತ ಕಾದರೆ ಮುಗಿಯೋ ಕೆಲಸವಲ್ಲ. ಇವು ಕೈಹಾಕಿದರೆ ಲಕ್ಷಪಟ್ಟು ಬೇಗ.

(ದೃಶ್ಯ: ಫ್ಲಾಸ್ಕಿನಲ್ಲಿ ತಿಳಿ ಹಸಿರು ನೀರು ನಿಧಾನವಾಗಿ ಕಂದುಗೆಂಪಾಗುತ್ತದೆ)

ಈಗ ನನ್ನ ಫೇವರಿಟ್ ಪಾತ್ರಕ್ಕೆ ಬರೋಣ. ಫೆರೋಆಕ್ಸಿಡಾನ್ಸ್ ಬಿಟ್ಟರೆ ಬೇರೇನೂ ಇಲ್ಲ ಅಂದುಕೊಂಡಿದ್ದ, ಲ್ಯಾಬಿನಲ್ಲಿ ಬೆಳೆಸಿದ ಕಲ್ಚರ್‌ಗಳಲ್ಲೇ ಇನ್ನೊಂದು ಜೀವಿ ಅಡಗಿ ಕೂತಿತ್ತು. 1981ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಹ್ಯಾರಿಸನ್ ಅದಕ್ಕೆ ಆಸಿಡಿಫಿಲಿಯಮ್ ಅಂತ ಹೆಸರಿಟ್ಟರು. ಫೆರಸ್ ಕಬ್ಬಿಣದಿಂದ ಬದುಕೋದು ಇದಕ್ಕೆ ಬರಲ್ಲ. ಪಕ್ಕದವು ಸೋರಿಸಿದ್ದನ್ನು, ಸತ್ತವನ್ನು ತಿಂದುಕೊಂಡಿರುತ್ತದೆ. ಬರೀ ಬಿಟ್ಟಿ ಕೂಳು, ಅಲ್ವಾ?

ತಡೀರಿ. ಫೆರೋಆಕ್ಸಿಡಾನ್ಸ್ ಬೆಳೆಯುತ್ತಾ ಪೈರುವಿಕ್ ಆಸಿಡ್‌ನಂಥ ಸಾವಯವ ಆಮ್ಲಗಳನ್ನು ಹೊರಗೆ ಬಿಡುತ್ತದೆ. ಹೊರಗಿನ ಪಿಎಚ್ (ಕಮ್ಮಿಯಾದಷ್ಟೂ ಹುಳಿ ಜಾಸ್ತಿ) ಸುಮಾರು 2. ಅಲ್ಲಿ ಈ ಅಣುಗಳಲ್ಲಿ ಹೆಚ್ಚಿನವು ಪ್ರೋಟಾನ್ (ಹುಳಿ ತರೋ ಹೈಡ್ರೋಜನ್ ಕಣ) ಅಂಟಿಸಿಕೊಂಡೇ ಇರುತ್ತವೆ, ಅಂದರೆ ವಿದ್ಯುದಾವೇಶ ಇರಲ್ಲ. ಆವೇಶ ಇಲ್ಲದ್ದಕ್ಕೆ ಜೀವಕೋಶದ ಪೊರೆ ಒಂದು ತಡೆಯೇ ಅಲ್ಲ, ಸುಮ್ನೆ ನುಸುಳಿಬಿಡುತ್ತದೆ. ಒಳಗಿನ ಪಿಎಚ್ ಸುಮಾರು 6.5. ಒಳಗೆ ಬಂದದ್ದೇ ತಡ, ಪ್ರೋಟಾನ್ ಕಳಚಿಕೊಳ್ಳುತ್ತದೆ. ಒಂದರ ಹಿಂದೆ ಒಂದು. ಒಳಗೆಲ್ಲ ಹುಳಿ! ಗಂಧಕಾಮ್ಲದಲ್ಲಿ ಆರಾಮಾಗಿ ಈಜಾಡುವ ಜೀವಿ, ತಾನೇ ಬಿಟ್ಟ ಚೂರು ಆಮ್ಲಕ್ಕೆ ಸಾಯುತ್ತದೆ.

ಆಸಿಡಿಫಿಲಿಯಮ್ ತಿಂದು ಖಾಲಿ ಮಾಡೋದು ಈ ಆಮ್ಲವನ್ನೇ. ಪೌರಕಾರ್ಮಿಕರ ಕೆಲಸದ ಹಾಗೆ, ನಾಲ್ಕು ದಿನ ನಿಂತಾಗಲೇ ಬೆಲೆ ಗೊತ್ತಾಗೋದು. ಹಾಗಂತ ಪೂರ್ತಿ ಸಾಧು ಪ್ರಾಣಿಯೂ ಅಲ್ಲ. ಆಮ್ಲಜನಕ ಕಮ್ಮಿಯಾದರೆ ಫೆರಿಕ್ ಅನ್ನು ವಾಪಸ್ ಫೆರಸ್ ಮಾಡಿ, ಪಕ್ಕದವರ ದುಡಿಮೆಯನ್ನೇ ಹಾಳುಮಾಡುತ್ತದೆ.

ಟೈಮ್ ಆಗ್ತಾ ಇದೆ, ಉಳಿದವನ್ನು ಒಟ್ಟಿಗೆ ನೋಡಿಬಿಡೋಣ. ಚಾಲ್ಕೋಪೈರೈಟ್ ಅನ್ನೋ ತಾಮ್ರದ ಅದಿರು ಕರಗುವಾಗ ಮೇಲೆ ಗಂಧಕ ಕಟ್ಟಿಕೊಳ್ಳುತ್ತದೆ, ಅದನ್ನು ಥಿಯೋಆಕ್ಸಿಡಾನ್ಸ್, ಕ್ಯಾಲ್ಡಸ್ ಅನ್ನೋ ಜಾತಿಗಳು ಗಂಧಕಾಮ್ಲ ಮಾಡುತ್ತವೆ. ಫೆರಿಕ್ ಜಾಸ್ತಿಯಾದಾಗ ಫೆರೋಆಕ್ಸಿಡಾನ್ಸ್ ಸುಸ್ತು, ಲೆಪ್ಟೋಸ್ಪಿರಿಲಮ್ ಮುಂದುವರಿಸುತ್ತದೆ. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಗಣಿಯಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಗುಲಾಬಿ ಲೋಳೆಪದರದ ಡಿಎನ್‌ಎ ಓದಿದ್ದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಾಳಿಯ ನೈಟ್ರೋಜನ್ ಹಿಡಿಯುವ ಜೀನ್‌ಗಳು ಸಿಕ್ಕಿದ್ದು, ಸಂಖ್ಯೆಯಲ್ಲಿ ಕಮ್ಮಿಯಿದ್ದ ಒಂದು ಲೆಪ್ಟೋಸ್ಪಿರಿಲಮ್ ಗುಂಪಿನಲ್ಲಿ!

ಚಿನ್ನದ ಅದಿರು ಹಾಕುವ ಸುಮಾರು 40 ಡಿಗ್ರಿಯ ಟ್ಯಾಂಕ್‌ಗಳಲ್ಲಿ ಜಾಸ್ತಿ ಕಾಣೋದು ಲೆಪ್ಟೋಸ್ಪಿರಿಲಮ್–ಕ್ಯಾಲ್ಡಸ್ ಜೋಡಿ. ಅಲ್ಲಿ ಒಂದೇ ಜಾತಿಯನ್ನು ಶುದ್ಧವಾಗಿಡೋ ಗೋಜಿಗೆ ಯಾರೂ ಹೋಗಲ್ಲ. ಬಿಸಿ, ಆಮ್ಲ, ಗಾಳಿ ಹಿಡಿತದಲ್ಲಿದ್ದರೆ ಸಾಕು, ಯಾವುದು ಉಳಿಯಬೇಕು ಅನ್ನೋದು ಟ್ಯಾಂಕಿನೊಳಗೇ ತೀರ್ಮಾನ ಆಗುತ್ತದೆ.