ದೇಹೆಲೊ ಯಾ: ಲ್ಯಾಟಿನೊ ಮನೆಗಳಲ್ಲಿ ಸಿಗರೇಟು ಬಿಡಿಸುವ ಕೆಲಸ

ಎಲ್ಲರಿಗೂ ನಮಸ್ಕಾರ.

ಒಂದು ಫೋನ್ ನಂಬರಿನಿಂದ ಶುರು ಮಾಡುತ್ತೇನೆ. ಅಮೆರಿಕದಲ್ಲಿ ಲ್ಯಾಟಿನೊ ಜನ, ಅಂದರೆ ಮೆಕ್ಸಿಕೊ, ಕ್ಯೂಬಾದಂಥ ನಾಡುಗಳ ಮೂಲದವರು, ಬಹಳ ಇದ್ದಾರೆ. ಅವರಲ್ಲಿ ಸಿಗರೇಟು ಬಿಡಬೇಕು ಅನ್ನುವವರಿಗೆ ಸ್ಪ್ಯಾನಿಷ್‌ನಲ್ಲಿ ಮಾತಾಡುವ ಉಚಿತ ಸಹಾಯವಾಣಿ ಒಂದಿದೆ. ನಂಬರು 1-855-335-3569. ಇದನ್ನು ಅಂಕಿಯಲ್ಲಿ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಫೋನಿನ ಗುಂಡಿಗಳ ಮೇಲೆ ಇಂಗ್ಲಿಷ್ ಅಕ್ಷರಗಳು ಇರುತ್ತವಲ್ಲ, ಅವನ್ನು ಕೂಡಿಸಿ ಓದಿದರೆ 'ದೇಹೆಲೊ ಯಾ' ಅಂತ ಆಗುತ್ತದೆ. ಅಂದರೆ, 'ಈಗಲೇ ಬಿಟ್ಟುಬಿಡಿ'.

'ಬಿಡಿ' ಅಂದೆ, ಗಮನಿಸಿ. ಸ್ಪ್ಯಾನಿಷ್‌ನಲ್ಲೂ ನಮ್ಮ ಹಾಗೆಯೇ ನೀನು ಬೇರೆ, ನೀವು ಬೇರೆ. ಗೆಳೆಯನಿಗಾದರೆ 'ದೇಹಲೊ', ಬಿಡು. ಹಿರಿಯರಿಗೆ, ಗುರುತಿಲ್ಲದವರಿಗೆ 'ದೇಹೆಲೊ', ಬಿಡಿ. ವ್ಯತ್ಯಾಸ ಇರುವುದು ಒಂದೇ ಒಂದು ಸ್ವರದಲ್ಲಿ. ಫೋನಿನಲ್ಲಿ ಆ ಎರಡು ಸ್ವರಗಳು ಬೇರೆ ಬೇರೆ ಗುಂಡಿಯಲ್ಲಿ ಕೂತಿವೆ. 'ಬಿಡು' ಅಂತ ಇಟ್ಟಿದ್ದರೆ ಆ ಸಹಾಯವಾಣಿಯ ನಂಬರೇ ಬೇರೆ ಆಗುತ್ತಿತ್ತು! ಇಂಗ್ಲಿಷ್ ಸಹಾಯವಾಣಿಯ ಹೆಸರು 'ಕ್ವಿಟ್ ನೌ'. ಅದರಲ್ಲಿ ಬಹುವಚನದ ಪ್ರಶ್ನೆಯೇ ಬರುವುದಿಲ್ಲ. ಸ್ಪ್ಯಾನಿಷ್‌ಗೆ ಬಂದ ಕೂಡಲೇ, ನಾನು ಯಾರ ಹತ್ತಿರ ಮಾತಾಡುತ್ತಿದ್ದೇನೆ ಅಂತ ಯೋಚಿಸಲೇಬೇಕು. ಗೌರವಕ್ಕೆ ಅವರ ಮಾತು 'ರೆಸ್ಪೆತೊ'. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐವತ್ತು ದಾಟಿದ ಗುರುತಿಲ್ಲದವರಿಗೆ 'ಸಿಗರೇಟು ಬಿಡು' ಅಂತ ಯಾರಾದರೂ ಬರೆದು ಕೊಟ್ಟರೆ, ಅವರು ಮುಂದಿನ ಸಾಲು ಓದುತ್ತಾರಾ?

ನಾನು ಕ್ಯಾಲಿಫೋರ್ನಿಯಾದಲ್ಲಿ ಇದ್ದಾಗ ಕೆಲವು ಕಾಲ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಸ್ವಯಂಸೇವಕಿಯಾಗಿದ್ದೆ. ಬರುವವರಲ್ಲಿ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯವರೇ ಜಾಸ್ತಿ. ಅಲ್ಲಿ ಸಿಗರೇಟು ಬಿಡುವ ಬಗ್ಗೆ ಒಂದು ಕರಪತ್ರ ಇಟ್ಟಿದ್ದರು. ಸ್ಪ್ಯಾನಿಷ್‌ನಲ್ಲೇ ಇತ್ತು, ತಪ್ಪಿಲ್ಲದೆ ಇತ್ತು. ಮೇಲೆ ಒಂದು ಫೋಟೊ: ಬೆಳಗಿನ ಜಾವ, ಸಮುದ್ರ ತೀರ, ಒಬ್ಬಳೇ ಹೆಂಗಸು ಓಡುತ್ತಿದ್ದಾಳೆ. ಕೆಳಗೆ 'ನಿನಗೋಸ್ಕರ ಮಾಡು' ಅಂತ ಬರಹ. ತೋಟದ ಕೆಲಸ ಮಾಡುವ ಒಬ್ಬರು ಅದನ್ನು ಕೈಗೆ ತೆಗೆದುಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ತಿರುಗಿಸಿ ನೋಡಿದರು, ಮತ್ತೆ ಮುಂದಿನ ಪುಟ ನೋಡಿದರು, ಮೆತ್ತಗೆ ಮೇಜಿನ ಮೇಲೆ ಇದ್ದ ಜಾಗದಲ್ಲೇ ಇಟ್ಟರು. ಪಕ್ಕದಲ್ಲಿ ಅವರ ಹೆಂಡತಿ, ತೊಡೆಯ ಮೇಲೆ ಮಗು. 'ಈ ಫೋಟೊದಲ್ಲಿ ಮನೆಯವರು ಯಾರೂ ಇಲ್ಲವಲ್ಲ' ಅಂದರು ಆಕೆ. ನನಗೆ ಆ ದಿನ ಗೊತ್ತಾಯಿತು. ಭಾಷೆ ಬದಲಾಗಿತ್ತು, ಆದರೆ ಆ ಕಾಗದ ಇನ್ನೂ ಬೇರೆ ಯಾರಿಗೋ ಬರೆದದ್ದಾಗಿತ್ತು.

ಈಗ ಸ್ವಲ್ಪ ಹಿನ್ನೆಲೆ. 2020ರ ಜನಗಣತಿಯಲ್ಲಿ ಅಮೆರಿಕದ ಲ್ಯಾಟಿನೊ ಜನ 6.2 ಕೋಟಿ, ಹೆಚ್ಚುಕಡಿಮೆ ಐದರಲ್ಲಿ ಒಬ್ಬರು. ಅದೇ ವರ್ಷ ಅವರ ವಯಸ್ಕರಲ್ಲಿ ಸಿಗರೇಟು ಸೇದುವವರು ನೂರಕ್ಕೆ 8 ಜನ. ಇಡೀ ದೇಶದ ಸರಾಸರಿ 12.5. ಇದನ್ನು ನೋಡಿ 'ಇವರಲ್ಲಿ ಅಂಥ ಸಮಸ್ಯೆ ಏನಿಲ್ಲ' ಅನ್ನುವವರಿದ್ದಾರೆ. ಅಲ್ಲೇ ಎಡವುತ್ತಾರೆ. 8 ಅನ್ನುವುದು ಸರಾಸರಿ. ಸರಾಸರಿಯ ಒಳಗೆ ಯಾರಿದ್ದಾರೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸ್ಯಾನ್ ಫ್ರಾನ್ಸಿಸ್ಕೊ ಕಥೆ ಹೇಳಬೇಕು. 1980ರ ದಶಕದಲ್ಲಿ ಅಲ್ಲಿ ಲ್ಯಾಟಿನೊ ಜನರಿಗಾಗಿಯೇ ಸಿಗರೇಟು ಬಿಡಿಸುವ ಒಂದು ಕಾರ್ಯಕ್ರಮ ಶುರುವಾಯಿತು. ಕ್ಯೂಬಾದಲ್ಲಿ ಹುಟ್ಟಿದ ವೈದ್ಯ ಎಲಿಸೆಯೊ ಪೆರೆಸ್-ಸ್ತಾಬ್ಲೆ, ಜೊತೆಗೆ ಸಂಶೋಧಕರಾದ ಹೆರಾರ್ದೊ ಮರೀನ್ ಮತ್ತು ಬಾರ್ಬರಾ ಮರೀನ್ ಇದರಲ್ಲಿ ಮುಖ್ಯರು. ಇವರು ಇಂಗ್ಲಿಷ್ ಪುಸ್ತಕ ತಂದು ತರ್ಜುಮೆ ಮಾಡಿ ಹಂಚಬಹುದಿತ್ತು. ಹಾಗೆ ಮಾಡಲಿಲ್ಲ. ಮೊದಲು ಹೋಗಿ ಕೇಳಿದರು: ನೀವು ಯಾಕೆ ಸೇದುತ್ತೀರಿ, ಬಿಡಬೇಕು ಅಂತ ಯಾಕೆ ಅನ್ನಿಸುತ್ತದೆ? ಬಿಳಿಯರ ಉತ್ತರದ ಜೊತೆ ಹೋಲಿಸಿ ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ಲ್ಯಾಟಿನೊ ಜನರ ಮಾತಿನಲ್ಲಿ ಮನೆಯವರು ಜಾಸ್ತಿ ಬರುತ್ತಿದ್ದರು. ಮಕ್ಕಳ ಆರೋಗ್ಯ ಕೆಡುತ್ತದೆ, ಮಕ್ಕಳು ನನ್ನನ್ನು ನೋಡಿ ಕಲಿಯುತ್ತಾರೆ, ಮನೆಯಲ್ಲಿ ಸಂಬಂಧ ಚೆನ್ನಾಗಿರಬೇಕು, ಬಾಯಿ ವಾಸನೆ ಬರುತ್ತದೆ. ಈ ಮನೆ ಅನ್ನುವ ಭಾವಕ್ಕೆ ಅಲ್ಲಿ 'ಫಮಿಲಿಸ್ಮೊ' ಅನ್ನುತ್ತಾರೆ. ಇದನ್ನೆಲ್ಲ ಇಟ್ಟುಕೊಂಡು ಸ್ಪ್ಯಾನಿಷ್‌ನಲ್ಲೇ ಒಂದು ಕೈಪಿಡಿ ತಂದರು: 'ಗಿಯಾ ಪಾರಾ ದೆಹಾರ್ ದೆ ಫುಮಾರ್', ಸಿಗರೇಟು ಬಿಡಲು ದಾರಿ ತೋರಿಸುವ ಪುಸ್ತಕ. ಅದೇ ಊರಿನಲ್ಲಿ ಮನಶ್ಶಾಸ್ತ್ರಜ್ಞ ರಿಕಾರ್ದೊ ಮುನ್ಯೋಸ್ ಇನ್ನೊಂದು ಹೆಜ್ಜೆ ಇಟ್ಟರು. ಮನಸ್ಸು ಕುಗ್ಗಿದಾಗ ಏನು ಮಾಡಬೇಕು ಅನ್ನುವ ಪಾಠವನ್ನು ಕೈಪಿಡಿಯ ಜೊತೆಗೆ ಅಂಚೆಯಲ್ಲಿ ಕಳಿಸಿದರು. 1997ರಲ್ಲಿ ಬಂದ ಅವರ ವರದಿಯ ಪ್ರಕಾರ, ಬರೀ ಕೈಪಿಡಿ ಸಿಕ್ಕವರಿಗಿಂತ ಈ ಪಾಠವೂ ಸಿಕ್ಕವರಲ್ಲಿ ಸುಮಾರು ಎರಡು ಪಟ್ಟು ಜನ ಮೂರು ತಿಂಗಳ ಹೊತ್ತಿಗೆ ಸಿಗರೇಟು ಬಿಟ್ಟಿದ್ದರು. ಊರು ಬಿಟ್ಟು ಬಂದವರ ಒಂಟಿತನ ಗೊತ್ತಿದ್ದವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ.

ನನಗೆ ಬಹಳ ಇಷ್ಟವಾದ ಇನ್ನೊಂದು ಕೆಲಸ ಫ್ಲೋರಿಡಾದ ಟ್ಯಾಂಪಾದಲ್ಲಿರುವ ಮೊಫಿಟ್ ಕ್ಯಾನ್ಸರ್ ಸೆಂಟರಿನದು. ಅವರ ಪುಸ್ತಕಗಳ ಹೆಸರು 'ಲಿಬ್ರೆ ದೆಲ್ ಸಿಗರಿಯೊ, ಪೋರ್ ಮಿ ಫಮಿಲಿಯಾ ಇ ಪೋರ್ ಮಿ'. ಸಿಗರೇಟಿನಿಂದ ಬಿಡುಗಡೆ, ನನ್ನ ಮನೆಯವರಿಗೋಸ್ಕರ ಮತ್ತು ನನಗೋಸ್ಕರ. ಈ ಹೆಸರಿನಲ್ಲಿ ಯಾರು ಮೊದಲು ಬಂದರು ನೋಡಿ. ಮನೆಯವರು ಮೊದಲು, ನಾನು ಆಮೇಲೆ. ಹಾಗಂತ 'ನಾನು' ಬಿಟ್ಟುಹೋಗಿಲ್ಲ. ನನ್ನ ಕ್ಲಿನಿಕ್‌ನ ಕರಪತ್ರದಲ್ಲಿ ಇಲ್ಲದ್ದು ಇಷ್ಟೇ. 1,417 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಸ್ಪ್ಯಾನಿಷ್ ಕಿರುಪುಸ್ತಕ ಒಂದೇ ಒಂದು. ಇನ್ನೊಂದು ಗುಂಪಿಗೆ 18 ತಿಂಗಳು, ತಿಂಗಳು ತಿಂಗಳೂ ಮನೆಗೆ ಅಂಚೆ. ಎರಡು ವರ್ಷ ಆದ ಮೇಲೆ ನೋಡಿದರೆ, ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 24 ಜನ ಸಿಗರೇಟಿನಿಂದ ದೂರ ಇದ್ದರು, ಎರಡನೆಯದರಲ್ಲಿ ಸುಮಾರು 33. ಇದರಲ್ಲಿ ಪುಸ್ತಕದ ಮಾತಿನ ಪಾಲೆಷ್ಟು, ಬಿಡದೆ ಬಂದ ಅಂಚೆಯ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ. ಬೇರೆ ಮಾಡಲೇಬೇಕು ಅಂತ ನನಗೆ ಅನ್ನಿಸುವುದೂ ಇಲ್ಲ. ಒಂದು ಸಲ ಬುದ್ಧಿ ಹೇಳಿ ಹೋಗುವವರಿಗೂ ಒಂದೂವರೆ ವರ್ಷ 'ಹೇಗಿದ್ದೀರಿ' ಅಂತ ಕೇಳುತ್ತಲೇ ಇರುವವರಿಗೂ ಇರುವ ವ್ಯತ್ಯಾಸ ನಮಗೆ ಮನೆಯಲ್ಲೇ ಗೊತ್ತು. ಅದೂ ನಡವಳಿಕೆಯ ಒಂದು ಭಾಗವೇ ಅಲ್ವಾ?

ಈಗ ಸ್ವಲ್ಪ ಕಷ್ಟದ ವಿಷಯ. ಸಿಗರೇಟು ಬಿಡಿಸುವ ಎಲ್ಲ ತರಬೇತಿಯಲ್ಲೂ ಒಂದು ಪಾಠ ಇರುತ್ತದೆ: ಯಾರಾದರೂ ಸಿಗರೇಟು ಕೊಟ್ಟರೆ ಖಡಾಖಂಡಿತವಾಗಿ 'ಬೇಡ' ಅನ್ನಿ. ಲ್ಯಾಟಿನೊ ಕೂಟದಲ್ಲಿ ಇದು ಅಷ್ಟು ಸುಲಭ ಅಲ್ಲ. ಅವರಲ್ಲಿ 'ಸಿಂಪತಿಯಾ' ಅಂತ ಒಂದು ಗುಣಕ್ಕೆ ಬಹಳ ಬೆಲೆ. ನಾಲ್ಕು ಜನರ ನಡುವೆ ಹಿತವಾಗಿರುವುದು, ಯಾರ ಮನಸ್ಸೂ ಮುರಿಯದ ಹಾಗೆ ನಡೆದುಕೊಳ್ಳುವುದು. ಶನಿವಾರ ಸಂಜೆ, ಮಗುವಿನ ಹುಟ್ಟುಹಬ್ಬ, ಹಿತ್ತಲಲ್ಲಿ ಮಾಂಸ ಸುಡುತ್ತಿದೆ. ಹೆಂಡತಿಯ ಅಣ್ಣ ಪ್ಯಾಕೆಟ್ ತೆಗೆದು ಎಲ್ಲರ ಮುಂದೆ ಹಿಡಿಯುತ್ತಾನೆ. ಅವನ ಮಟ್ಟಿಗೆ ಅದು ಪ್ರೀತಿ. ಅಲ್ಲಿ ಮುಖಕ್ಕೆ ಹೊಡೆದ ಹಾಗೆ 'ಬೇಡ' ಅಂದರೆ, ಬೇಡ ಅಂದದ್ದು ಸಿಗರೇಟನ್ನೋ ಭಾವನನ್ನೋ? ಆದ್ದರಿಂದ ಪಾಠವೇ ಬದಲಾಗಬೇಕು. ನನಗೆ ಒಬ್ಬರು ಹೇಳಿಕೊಟ್ಟ ಮಾತು ಇದು: 'ಮಗಳಿಗೆ ಮಾತು ಕೊಟ್ಟಿದ್ದೇನೆ ಭಾವ, ನೀನೂ ಸ್ವಲ್ಪ ಸಹಾಯ ಮಾಡು.' ಹೀಗೆಂದರೆ ಕೊಟ್ಟವನ ಮುಖ ಬಾಡುವುದಿಲ್ಲ. ಅವನೂ ನಮ್ಮ ಕಡೆಗೆ ಬಂದುಬಿಡುತ್ತಾನೆ.

ಇನ್ನೊಂದು ಪ್ರಶ್ನೆ ವೈದ್ಯರು ಕೇಳುವುದು: 'ದಿನಕ್ಕೆ ಎಷ್ಟು ಸೇದುತ್ತೀರಿ?' ಲ್ಯಾಟಿನೊ ಜನರಲ್ಲಿ ದಿನಕ್ಕೆ ನಾಲ್ಕೈದು ಸೇದುವವರು, ವಾರದ ಕೊನೆಯಲ್ಲಿ ಮಾತ್ರ ಸೇದುವವರು ಬಹಳ. ಅವರಿಗೆ ಆ ಪ್ರಶ್ನೆ ಹೊಂದುವುದೇ ಇಲ್ಲ. 'ನಾನು ಸೇದುವವನಲ್ಲ' ಅಂದುಬಿಡುತ್ತಾರೆ. ಸುಳ್ಳು ಹೇಳುತ್ತಿಲ್ಲ, ಹಾಗೇ ಅಂದುಕೊಂಡಿದ್ದಾರೆ. ವೈದ್ಯರು ಮುಂದಕ್ಕೆ ಹೋಗುತ್ತಾರೆ. ಆದರೆ ಹೃದಯ ಈ ಲೆಕ್ಕ ಒಪ್ಪುವುದಿಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸೇದುವವರಿಗೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ, ದಿನಕ್ಕೆ ಒಂದೇ ಸೇದುವವರಿಗೂ ಅದರ ಅರ್ಧದಷ್ಟು ಹತ್ತಿರ ಏರುತ್ತದೆ. ಹಾಗಾಗಿ 'ಎಷ್ಟು' ಅಂತ ಕೇಳುವ ಮೊದಲು 'ಯಾವಾಗ' ಅಂತ ಕೇಳಬೇಕು. ಯಾರ ಜೊತೆ, ಯಾವ ದಿನ, ಕಾಫಿ ಜೊತೆಗಾ, ಬಿಯರ್ ಜೊತೆಗಾ? ಉತ್ತರ ತಾನಾಗಿ ಬರುತ್ತದೆ.

ಕಾಫಿ ಅಂದೆನಲ್ಲ. ಮಯಾಮಿಯಲ್ಲಿ ಕ್ಯೂಬಾದವರ ಹೋಟೆಲುಗಳಲ್ಲಿ ಬೀದಿಗೆ ತೆರೆದ ಒಂದು ಕಿಟಕಿ ಇರುತ್ತದೆ, 'ವೆಂತನಿತಾ'. ಅಲ್ಲಿ ನಿಂತು ಪುಟ್ಟ ಲೋಟದಲ್ಲಿ ಗಟ್ಟಿಯಾದ, ಸಿಹಿಯಾದ ಕಾಫಿ ಕುಡಿಯುತ್ತಾ ಹರಟೆ ಹೊಡೆಯುತ್ತಾರೆ. ಸೇದುವವರಿಗೆ ಆ ಕಾಫಿ ಬಂದರೆ ಬೆರಳು ತಾನಾಗಿ ಜೇಬಿಗೆ ಹೋಗುತ್ತದೆ. ಅಂಥವರಿಗೆ ಮೆಕ್ಸಿಕೊದವರ ಹಿತ್ತಲಿನ ಕಥೆ ಹೇಳಿ ಪ್ರಯೋಜನ ಇಲ್ಲ. ಇಲ್ಲಿಗೆ ಸರಾಸರಿಯ ಮಾತು ಬಂತು. ನ್ಯೂಯಾರ್ಕಿನ ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊ, ಈ ನಾಲ್ಕು ಕಡೆ 2008ರಿಂದ 2011ರ ನಡುವೆ 16,000ಕ್ಕೂ ಹೆಚ್ಚು ಲ್ಯಾಟಿನೊ ಜನರನ್ನು ಸೇರಿಸಿಕೊಂಡು ಒಂದು ದೊಡ್ಡ ಆರೋಗ್ಯ ಅಧ್ಯಯನ ಶುರುವಾಯಿತು. ಅದರಲ್ಲಿ ಪೋರ್ಟೊ ರಿಕೊ ಮೂಲದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸೇದುತ್ತಿದ್ದರು, ಗಂಡಸರು ಹೆಂಗಸರು ಇಬ್ಬರೂ. ಡೊಮಿನಿಕನ್ ಮೂಲದವರಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸು. ಎರಡೂ ಒಂದೇ ಕೆರಿಬಿಯನ್ ಸಮುದ್ರದ ದ್ವೀಪದ ಜನ, ಒಂದೇ ಭಾಷೆ. ಮೇಲಾಗಿ ಪೋರ್ಟೊ ರಿಕೊದವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಅವರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಕರಪತ್ರವೇ ಸಾಕು. ಸಾಲದೇ ಇರುವುದು ಭಾಷೆ ಅಲ್ಲ, ಅವರ ಬದುಕಿಗೆ ಹೊಂದುವ ಮಾತು.

ಮಾತಿನಲ್ಲೂ ಜಾರುವ ಜಾಗಗಳಿವೆ. ಮೆಕ್ಸಿಕೊದಲ್ಲಿ 'ಸಿಗಾರೊ' ಅಂದರೆ ಸಿಗರೇಟು. ಬೇರೆ ಕೆಲವು ಕಡೆ ಅದೇ ಮಾತಿಗೆ ಚುಟ್ಟ ಅನ್ನುವ ಅರ್ಥ. ಕ್ಯೂಬಾದಲ್ಲಿ ಚುಟ್ಟಕ್ಕೆ 'ತಬಾಕೊ' ಅನ್ನುತ್ತಾರೆ. 'ನೀವು ತಬಾಕೊ ಸೇದುತ್ತೀರಾ' ಅಂತ ಕೇಳಿದರೆ ಕ್ಯೂಬಾದವರು ಇಲ್ಲ ಅನ್ನಬಹುದು, ಜೇಬಿನಲ್ಲಿ ಸಿಗರೇಟು ಇದ್ದರೂ.

ಒಂದು ವಿಷಯ ಹೇಳದೆ ಹೋದರೆ ನನಗೆ ಸಮಾಧಾನ ಇರುವುದಿಲ್ಲ. ಈ ಜನರ ಮನಸ್ಸು, ಹಬ್ಬ, ಭಾಷೆ ಇವನ್ನೆಲ್ಲ ಅರಿತುಕೊಳ್ಳಲು ತಂಬಾಕು ಕಂಪನಿಗಳು ಯಾರಿಗೂ ಕಾಯಲಿಲ್ಲ. 'ರಿಯೊ', 'ದೊರಾದೊ' ಅಂತ ಸ್ಪ್ಯಾನಿಷ್ ಹೆಸರಿನ ಸಿಗರೇಟುಗಳನ್ನೇ ಅವರಿಗಾಗಿ ತಂದರು. ಮೆಕ್ಸಿಕೊ ಮೂಲದವರ ಸಿಂಕೊ ದೆ ಮಾಯೊ ಹಬ್ಬಕ್ಕೆ ಹಣ ಕೊಟ್ಟರು. ಅಮೆರಿಕ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ 1998ರಲ್ಲಿ ಕೊಟ್ಟ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ಚಟ ಹಿಡಿಸಲು ಅಷ್ಟು ಮುತುವರ್ಜಿ. ಬಿಡಿಸಲು ಒಂದು ತರ್ಜುಮೆ ಕಾಗದ ಸಾಕು ಅಂದುಕೊಂಡರೆ ನನಗೆ ನಿಜವಾಗಿ ನೋವಾಗುತ್ತದೆ.

ಇನ್ನು ನಂಬಿಕೆ. ಅಮೆರಿಕದಲ್ಲಿ ಇರಲು ಬೇಕಾದ ಕಾಗದಪತ್ರ ಸರಿಯಿಲ್ಲದವರು ಮನೆಯಲ್ಲಿ ಒಬ್ಬರಿದ್ದರೂ ಸಾಕು, ಸರ್ಕಾರದ್ದು ಅನ್ನಿಸುವ ಯಾವ ನಂಬರಿಗೂ ಫೋನ್ ಮಾಡಲು ಆ ಮನೆಯವರು ಹೆದರುತ್ತಾರೆ. ಹೆಸರು, ವಿಳಾಸ ಯಾಕೆ ಕೇಳುತ್ತಾರೆ, ಅದು ಎಲ್ಲಿಗೆ ಹೋಗುತ್ತದೆ? ಈ ಭಯ ಹೋಗಲಾಡಿಸುವವರು 'ಪ್ರೊಮೊತೊರಾ'ಗಳು. ಅದೇ ಬೀದಿಯ, ಅದೇ ಚರ್ಚಿನ ಹೆಂಗಸರು ತರಬೇತಿ ಪಡೆದು ಮನೆ ಮನೆಗೆ ಹೋಗುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಸಿಕೊಳ್ಳಿ, ಸುಮಾರು ಗೊತ್ತಾಗುತ್ತದೆ. ಅವರ ಜೊತೆ ಒಂದು ದಿನ ಹೋಗಿದ್ದೆ. ಮೊದಲ ಇಪ್ಪತ್ತು ನಿಮಿಷ ಸಿಗರೇಟಿನ ಮಾತೇ ಇಲ್ಲ. ಅಮ್ಮನ ಮಂಡಿ ನೋವು, ಮಗನ ಶಾಲೆ, ಬಾಡಿಗೆ. ಆಮೇಲೆ, ಎದ್ದು ಹೊರಡುವ ಹೊತ್ತಿಗೆ, ಬಾಗಿಲ ಹತ್ತಿರ ಆ ಮನೆಯ ಹೆಂಗಸು ದನಿ ತಗ್ಗಿಸಿ ಹೇಳಿದರು: 'ಸೇದುವುದು ಅವರೊಬ್ಬರೇ ಅಲ್ಲ, ನಾನೂ.' ಗಂಡನಿಗೆ ಗೊತ್ತಿರಲಿಲ್ಲ. ಮನೆಯವರಿಗೋಸ್ಕರ ಬಿಡಿ ಅನ್ನುವ ಮಾತು ಇಂಥವರಿಗೆ ನಾಚಿಕೆಯ ಇನ್ನೊಂದು ಹೊರೆ ಆಗಬಾರದು. ಅವರಿಗೆ ಬೇಕಾದದ್ದು ಗುಟ್ಟು ಕಾಯುವ ಒಬ್ಬಳು ಗೆಳತಿ. ಫಮಿಲಿಸ್ಮೊ ಅಂತ ಒಂದು ಮಾತು ಕಲಿತು ಎಲ್ಲರಿಗೂ ಅದನ್ನೇ ಹಚ್ಚಲು ಹೊರಟರೆ ಇವರು ತಪ್ಪಿಹೋಗುತ್ತಾರೆ.

ನಮ್ಮಲ್ಲೂ 1800-11-2356 ಇದೆ, ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುತ್ತದೆ. ಕನ್ನಡದಲ್ಲೂ ಮಾತಾಡುತ್ತಾರೆ. ನಿಮಗೆ ಬೇಕಾದವರಿಗೆ ಬರೆದು ಕೊಡಿ.

ಕೊನೆಗೆ, ಇನ್ನೂ ಆಗದೇ ಇರುವ ಒಂದು ಕೆಲಸದ ಬಗ್ಗೆ. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಸುತ್ತ ಸ್ಟ್ರಾಬೆರಿ ಹೊಲಗಳಿವೆ. ಹಣ್ಣು ಬಿಡಿಸುವವರಲ್ಲಿ ಮೆಕ್ಸಿಕೊದ ಓಹಾಕಾ ಕಡೆಯಿಂದ ಬಂದವರು ಬಹಳ. ಅವರ ಮನೆಮಾತು ಸ್ಪ್ಯಾನಿಷ್ ಅಲ್ಲ, ಮಿಸ್ತೆಕೊ. ಕೆಲವರಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ, ಓದಲು ಬರುವುದಿಲ್ಲ. ಜನಗಣತಿ ಅವರನ್ನೂ ಲ್ಯಾಟಿನೊ ಅನ್ನುವ ಕಡೆಗೇ ಸೇರಿಸುತ್ತದೆ. ಅವರ ಕೈಗೆ 'ದೇಹೆಲೊ ಯಾ' ಕೊಟ್ಟರೂ ಅದು ಪರಭಾಷೆಯೇ. ಆದರೆ ಆ ಊರಿನಲ್ಲಿ ಅವರದೇ ಒಂದು ರೇಡಿಯೊ ಇದೆ. ಅದರಲ್ಲಿ ಮಿಸ್ತೆಕೊದಲ್ಲಿ ಮಾತು, ಹಾಡು, ಸುದ್ದಿ ಬರುತ್ತದೆ. ಸಿಗರೇಟು ಬಿಡುವ ಮಾತನ್ನು ಅವರ ಊರಿನವರೇ ಒಬ್ಬರು, ಅವರದೇ ಮರ್ಯಾದೆಯ ಮಾತಿನಲ್ಲಿ, ಆ ರೇಡಿಯೊದಲ್ಲಿ ಹೇಳುವುದನ್ನು ಕೇಳಬೇಕು ಅಂತ ನನಗೆ ತುಂಬಾ ಆಸೆ.