ಜಮೀನು ಯಾರದ್ದು, ಕಂದಾಯ ಯಾರಿಂದ

ಎಲ್ಲರಿಗೂ ನಮಸ್ಕಾರ.

ಒಂದು ಕ್ರಯಪತ್ರ ಬಿಚ್ಚಿಕೊಂಡು ಮಾತು ಶುರು ಮಾಡೋಣ. ನಿಮ್ಮಲ್ಲಿ ಹಲವರ ಮನೆಯ ಬೀರುವಿನಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ಮೊದಲ ಪುಟದಲ್ಲಿ ಮಾರುವವರ ಹೆಸರು, ಕೊಳ್ಳುವವರ ಹೆಸರು, ತಂದೆಯ ಹೆಸರು, ವಯಸ್ಸು. ಆಮೇಲೆ ಹಣದ ವಿವರ. ಕೊನೆಯಲ್ಲಿ ಷೆಡ್ಯೂಲು, ಅದರ ಕೆಳಗೆ ಚಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಸರ್ಕಾರಿ ಹಳ್ಳ, ದಕ್ಷಿಣಕ್ಕೆ ಇದೇ ಸರ್ವೆ ನಂಬರಿನ ಉಳಿಕೆ ಜಮೀನು.

ಆ ‘ಇಂಥವರು’ ತೀರಿಕೊಂಡು 30 ವರ್ಷ ಆಗಿರಬಹುದು. ಹಳ್ಳ ಮುಚ್ಚಿ ಅದರ ಮೇಲೆ ಮನೆ ಎದ್ದಿರಬಹುದು. ಆದರೂ ಹಿಂದಿನ ಪತ್ರದಲ್ಲಿ ಇದ್ದ ಸಾಲುಗಳು ಈ ಪತ್ರಕ್ಕೂ ಹಾಗೇ ಇಳಿದು ಬಂದಿರುತ್ತವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಸ್ಟಾಂಪ್ ಡ್ಯೂಟಿ ಸರಿಯಾಗಿ ಕಟ್ಟಿದ್ದೀರಾ ಅಂತ ನೋಡುತ್ತಾರೆ. ಮಾರುತ್ತಿರುವವರು ನಿಜವಾಗಿಯೂ ಆ ಜಮೀನಿನ ಒಡೆಯರಾ? ಅದನ್ನು ತೀರ್ಮಾನ ಮಾಡುವುದು ಅವರ ಕೆಲಸ ಅಲ್ಲ. ಹಾಗೆ ಮಾಡುವ ಅಧಿಕಾರವೂ ಅವರಿಗಿಲ್ಲ.

1908ರ ನೋಂದಣಿ ಕಾಯ್ದೆ ನೋಂದಾಯಿಸುವುದು ಪತ್ರವನ್ನು, ಒಡೆತನವನ್ನಲ್ಲ. ಇಂಥ ದಿನ ಇಂಥವರು ಇಂಥವರಿಗೆ ಬರೆದುಕೊಟ್ಟರು ಎನ್ನುವುದಕ್ಕೆ ಅದು ಸಾಕ್ಷಿ, ಅಷ್ಟೇ. ಅಂದಹಾಗೆ 100 ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ವಹಿವಾಟು ನೋಂದಣಿ ಆಗಲೇಬೇಕು ಎಂದು ಆ ಕಾಯ್ದೆ ಹೇಳುತ್ತದೆ. 1908ರ ಆ 100 ರೂಪಾಯಿ ಕಾನೂನಿನಲ್ಲಿ ಹಾಗೇ ಕೂತಿದೆ. ಇವತ್ತು ಅಷ್ಟಕ್ಕೆ ನಿಲ್ಲಲು ಜಾಗ ಸಿಗುವುದೂ ಕಷ್ಟ.

ಹಾಗಾದರೆ ಒಡೆತನ ಹೇಳುವ ದಾಖಲೆ ಯಾವುದು? ಹಳ್ಳಿಯಲ್ಲಿ ಕೇಳಿದರೆ ಪಹಣಿ ಅನ್ನುತ್ತಾರೆ. ಪೇಟೆಯಲ್ಲಿ ಕೇಳಿದರೆ ಖಾತೆ ಅನ್ನುತ್ತಾರೆ. ಎರಡೂ ಅಲ್ಲ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದನ್ನೇ. ನಮ್ಮ ಭೂದಾಖಲೆಗಳು ಹುಟ್ಟಿದ್ದು ‘ಇದು ಯಾರದ್ದು’ ಎಂಬ ಪ್ರಶ್ನೆಯಿಂದಲ್ಲ, ‘ಇದಕ್ಕೆ ದುಡ್ಡು ಕಟ್ಟುವವರು ಯಾರು’ ಎಂಬ ಪ್ರಶ್ನೆಯಿಂದ. ಇವತ್ತಿನ ಬಹುಪಾಲು ತಾಪತ್ರಯಗಳ ಬೇರು ಅಲ್ಲಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಕಾಲದ ರೈತವಾರಿ ಪದ್ಧತಿಯಲ್ಲಿ ಸರ್ಕಾರ ನೇರವಾಗಿ ರೈತನಿಂದ ಕಂದಾಯ ಎತ್ತುತ್ತಿತ್ತು. ಅದಕ್ಕೆ ಹೊಲ ಅಳೆಯಬೇಕು, ನಂಬರು ಹಾಕಬೇಕು, ಹೆಸರು ಬರೆದುಕೊಳ್ಳಬೇಕು. 33 ಅಡಿಯ ಸರಪಳಿ ಹಿಡಿದು ಅಳೆದರು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಈಗಿನ ನಗರಗಳಲ್ಲಿ ಅರ್ಧ ಅಡಿಗೂ ಕೋರ್ಟಿಗೆ ಹೋಗುತ್ತೇವೆ. ಆದರೆ ಹಳೆಯ ಸರ್ವೆಯ ಉದ್ದೇಶ ಅಷ್ಟು ಸೂಕ್ಷ್ಮವಾಗಿರಲಿಲ್ಲ. ಎಷ್ಟು ಕಂದಾಯ ಬರಬೇಕು ಅನ್ನುವ ಅಂದಾಜು ಸಿಕ್ಕಿದರೆ ಸಾಕಿತ್ತು.

ಪಹಣಿಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. 9ನೇ ಕಲಂನಲ್ಲಿ ಒಡೆಯರ ಹೆಸರು. 11ನೇ ಕಲಂನಲ್ಲಿ ಸಾಲ, ಇತರ ಹಕ್ಕುಗಳು. 12ನೇ ಕಲಂನಲ್ಲಿ ಸಾಗುವಳಿ ಮಾಡುವವರ ವಿವರ, ಬೆಳೆ. ಈ 12ನೇ ಕಲಂ ಸುಮ್ನೆ ಕೂತಿದ್ದಲ್ಲ. ದೇವರಾಜ ಅರಸು ಅವರ ಕಾಲದಲ್ಲಿ, ಉಳುವವನಿಗೇ ಭೂಮಿ ಎಂದ 1974ರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ, ಗೇಣಿದಾರರು ಫಾರಂ 7 ಎಂಬ ಅರ್ಜಿ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಗೇಣಿ ಮಾಡುತ್ತಿದ್ದುದಕ್ಕೆ ಪುರಾವೆ ಕೇಳಿದಾಗ ಕೈಗೆ ಬಂದದ್ದು ಈ ಕಲಂ. ಅದರಲ್ಲಿ ಹೆಸರಿದ್ದವರಿಗೆ ದಾರಿ ಸಲೀಸಾಯಿತು. ಬಾಯಿಮಾತಿನ ಗೇಣಿ ಮಾಡಿದ್ದವರು, ಧಣಿ ಹೆಸರು ಬರೆಸಲು ಬಿಡದೇ ಇದ್ದವರು, ಸಾಕ್ಷಿ ಹುಡುಕಿಕೊಂಡು ಅಲೆದರು. ದಾಖಲೆ ಬರೆಯುವವನ ಪೆನ್ನಿಗೆ ಎಷ್ಟು ಶಕ್ತಿ ಇತ್ತು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

2000ದ ಆಚೀಚೆ ‘ಭೂಮಿ’ ಯೋಜನೆ ಬಂತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ಇದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಪ್ರಿಂಟು ಸಿಗತೊಡಗಿತು. ದೇಶವೇ ನಮ್ಮ ಕಡೆ ತಿರುಗಿ ನೋಡಿದ ಕೆಲಸ ಅದು, ಹೊಗಳಲೇಬೇಕು. ಆದರೆ ಪುಸ್ತಕದಲ್ಲಿ ಏನಿತ್ತೋ ಅದೇ ಕಂಪ್ಯೂಟರಿಗೆ ಹೋಯಿತು. ಹೊಲಕ್ಕೆ ಹೋಗಿ ಯಾರೂ ಮತ್ತೆ ಅಳೆಯಲಿಲ್ಲ. ತಾತನ ಹೆಸರಲ್ಲಿದ್ದ ಪಹಣಿ ತಾತನ ಹೆಸರಲ್ಲೇ ಉಳಿಯಿತು. ನಾಲ್ಕು ಜನ ಅಣ್ಣತಮ್ಮಂದಿರು ಬಾಯಲ್ಲೇ ಪಾಲು ಮಾಡಿಕೊಂಡು ಬದು ಹಾಕಿಕೊಂಡಿದ್ದಾರೆ, ಪೋಡಿ, ಅಂದರೆ ಪಾಲುಗಳನ್ನು ಅಳೆದು ದಾಖಲೆ ಬೇರೆ ಬೇರೆ ಮಾಡುವುದು, ಆಗಿಲ್ಲ. ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ 11 ವರ್ಷ ಮೊದಲೇ, ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಎಷ್ಟು ಪಹಣಿಯಲ್ಲಿ ಅಕ್ಕತಂಗಿಯರ ಹೆಸರಿದೆ, ನೀವೇ ಹೇಳಿ. ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಹಾಕಿಸುವ ಪೌತಿ ಖಾತೆ ಮಾಡಿಸಲು ಹೋದರೆ ಅವರ ಹೆಸರೂ ಸೇರಿಸಬೇಕಾಗುತ್ತದೆ ಅಂತಲೇ ಪೌತಿ ಖಾತೆ ಮಾಡಿಸದೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ಪೇಟೆಗೆ ಬರೋಣ. ‘ಖಾತೆ ನಮ್ಮ ಹೆಸರಿಗೇ ಇದೆ, ಇನ್ನೇನು ಭಯ’ ಅನ್ನುವ ಮಾತು ಕೇಳಿದ್ದೀರಿ ಅಲ್ವಾ? ಖಾತೆ ಎಂದರೆ ಆಸ್ತಿ ತೆರಿಗೆ ಯಾರ ಹೆಸರಿಗೆ ಹಾಕಬೇಕು ಎಂದು ನಗರಾಡಳಿತ ಇಟ್ಟುಕೊಂಡ ಲೆಕ್ಕ. ಖಾತೆ ಬದಲಾವಣೆಯಿಂದ ಒಡೆತನ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಒಂದಲ್ಲ ಹಲವು ಸಲ ಹೇಳಿದೆ. ಬೆಂಗಳೂರಿನ ಬಿ ಖಾತೆಯಲ್ಲಂತೂ ಈ ಗೊಂದಲ ಬಟಾಬಯಲಾಗಿದೆ. ಕನ್ವರ್ಷನ್ ಆಗದ, ಅಂದರೆ ಕೃಷಿಯಿಂದ ಬೇರೆ ಬಳಕೆಗೆ ಬದಲಾಯಿಸದ ಕಂದಾಯ ಜಮೀನಿನಲ್ಲಿ ಸೈಟು, ಮನೆ. ಸರ್ಕಾರ ಹೇಳಿತು: ನಿಮ್ಮ ಬಡಾವಣೆ ಸಕ್ರಮ ಅಲ್ಲ, ಆದರೆ ತೆರಿಗೆ ಮಾತ್ರ ಕಟ್ಟಿ, ಬೇರೆ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇವೆ. ಜನ ಕಟ್ಟಿದರು. ರಸೀದಿ ಜೋಪಾನ ಮಾಡಿದರು. ವರ್ಷ ವರ್ಷ ಕೈಚಾಚಿ ತೆರಿಗೆ ತೆಗೆದುಕೊಂಡ ಮೇಲೆ, ಇದು ಅಕ್ರಮ ಎಂದು ಹೇಳುವ ನೈತಿಕ ಹಕ್ಕು ಸರ್ಕಾರಕ್ಕೆ ಎಷ್ಟು ಉಳಿಯುತ್ತದೆ? ಕಾನೂನಿನ ಹಕ್ಕು ಉಳಿಯುತ್ತದೆ, ಅದು ಬೇರೆ ಮಾತು. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಕಡ್ಡಾಯ ಆಯಿತು. ಒಂದೇ ಸೈಟನ್ನು ಇಬ್ಬರಿಗೆ ಮಾರುವುದಕ್ಕೆ ಅದರಿಂದ ಕಡಿವಾಣ ಬೀಳುತ್ತದೆ, ಒಳ್ಳೆಯದೇ. ಆದರೆ ಅದೂ ಖಾತೆಯೇ.

ಈಗ ದುಡ್ಡಿನ ವಿಷಯ. ಒಂದು ಲೆಕ್ಕ ಹಾಕೋಣ, ಇದು ಬರೀ ಉದಾಹರಣೆ. ಒಂದು ಸೈಟಿಗೆ ಮಾತಾಗಿದ್ದು 80 ಲಕ್ಷ. ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ ಪ್ರಕಾರ 50 ಲಕ್ಷ. ನಮ್ಮಲ್ಲಿ ಸ್ಟಾಂಪ್ ಡ್ಯೂಟಿ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಸೇರಿ ಪೇಟೆಯಲ್ಲಿ ಶೇ 7.6. ಪತ್ರದಲ್ಲಿ 80 ಬರೆದರೆ 6 ಲಕ್ಷದ 8 ಸಾವಿರ ಕಟ್ಟಬೇಕು. 50 ಬರೆದರೆ 3 ಲಕ್ಷದ 80 ಸಾವಿರ. ಕೊಳ್ಳುವವರಿಗೆ 2 ಲಕ್ಷದ 28 ಸಾವಿರ ಉಳಿತಾಯ. ಮಾರುವವರಿಗೆ ಇನ್ನೂ ಜಾಸ್ತಿ. ದೀರ್ಘಾವಧಿ ಲಾಭದ ಮೇಲೆ ಶೇ 12.5 ತೆರಿಗೆ ಅಂದುಕೊಂಡರೂ 30 ಲಕ್ಷ ಮುಚ್ಚಿಟ್ಟರೆ 3 ಲಕ್ಷದ 75 ಸಾವಿರ ಉಳಿಯಿತು. ಇಬ್ಬರೂ ನಗುನಗುತ್ತಾ ಸಹಿ ಹಾಕುತ್ತಾರೆ. 30 ಲಕ್ಷ ಬ್ಲ್ಯಾಕಿನಲ್ಲಿ ಕೈ ಬದಲಾಯಿಸುತ್ತದೆ.

ಆದರೆ ಕೊಂಡವರು ಸಿಕ್ಕಿಬಿದ್ದಿದ್ದಾರೆ. ನಾಳೆ ಅದೇ ಸೈಟನ್ನು 90ಕ್ಕೆ ಮಾರಿದರೆ ಅವರ ಕಾಗದದಲ್ಲಿ ಕೊಂಡ ಬೆಲೆ 50. ಪೂರ್ತಿ ವೈಟಿನಲ್ಲಿ ತೆಗೆದುಕೊಂಡರೆ ಇಲ್ಲದ 30 ಲಕ್ಷದ ಲಾಭಕ್ಕೂ ತೆರಿಗೆ. ಹಾಗಾಗಿ ಅವರೂ ಮುಂದಿನವರ ಹತ್ತಿರ ಬ್ಲ್ಯಾಕ್ ಕೇಳುತ್ತಾರೆ. ಮೊದಲನೆಯವರು ಮಾಡಿದ್ದನ್ನು ಕೊನೆಯವರ ತನಕ ಎಲ್ಲರೂ ಮಾಡಬೇಕು. ಇದನ್ನು ಜನರ ಅಪ್ರಾಮಾಣಿಕತೆ ಅಂತ ಬೈದು ಬಿಡುವುದು ಸುಲಭ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಇನ್ನರ್ಧ, ತೆರಿಗೆ ಹಾಕಿದ ಜಾಗವೇ ಸರಿಯಿಲ್ಲ. ಡ್ಯೂಟಿ ಉಳಿಸಲು ಕೆಲವರು ನೋಂದಣಿಯನ್ನೇ ಮಾಡಿಸದೆ ಜಿಪಿಎ ಎಂಬ ಅಧಿಕಾರಪತ್ರ, ಅಗ್ರಿಮೆಂಟು, ವಿಲ್ಲು ಮೂರನ್ನೂ ಬರೆಸಿಕೊಂಡು ಕೂರುತ್ತಿದ್ದರು. ಅದು ಮಾರಾಟವೇ ಅಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿತು. ಆದರೂ ನಿಂತುಹೋಗಿದೆಯಾ? ಇಲ್ಲ.

ಆಸ್ತಿ ಕೈ ಬದಲಾಯಿಸುವಾಗ ಹಿಂಡಿದರೆ ಜನ ಬಚ್ಚಿಡುತ್ತಾರೆ. ವರ್ಷಕ್ಕಿಷ್ಟು ಅಂತ ಕಡಿಮೆ ದರದಲ್ಲಿ, ಎಲ್ಲರ ಮೇಲೂ ಹಾಕಿದರೆ ಬಚ್ಚಿಡಲು ಏನೂ ಇರುವುದಿಲ್ಲ. ಮನೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಲಾಗುವುದಿಲ್ಲವಲ್ಲ. ಆದರೆ ನಮ್ಮ ದೇಶದಲ್ಲಿ ಆಸ್ತಿ ತೆರಿಗೆ ತೀರಾ ಸೊರಗಿದೆ. 2016–17ರ ಆರ್ಥಿಕ ಸಮೀಕ್ಷೆ ಉಪಗ್ರಹ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕಿ, ಬೆಂಗಳೂರು ಮತ್ತು ಜೈಪುರ ತಮಗೆ ಬರಬಹುದಾದ ಆಸ್ತಿ ತೆರಿಗೆಯಲ್ಲಿ ಶೇ 5ರಿಂದ 20ರಷ್ಟು ಮಾತ್ರ ಎತ್ತುತ್ತಿವೆ ಎಂದಿತು. ಜನ ಕಟ್ಟುವುದೇ ಇಲ್ಲ ಅನ್ನಬೇಡಿ. 2000ದಲ್ಲಿ ಬೆಂಗಳೂರಿನಲ್ಲಿ ಸ್ವಯಂ ಘೋಷಣೆ ಪದ್ಧತಿ ತಂದಾಗ, ಇನ್‌ಸ್ಪೆಕ್ಟರು ಮನೆಗೆ ಬಂದು ಚೌಕಾಸಿ ಮಾಡುವುದು ತಪ್ಪಿ, ಲೆಕ್ಕ ತಾವೇ ಹಾಕುವಂತಾದಾಗ, ವಸೂಲಿ ಏರಿತು.

ಇಲ್ಲಿ ಪೆರುವಿನ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೋಟೊ ನೆನಪಾಗುತ್ತಾರೆ. ಬಡವರ ಕೈಯಲ್ಲಿ ಆಸ್ತಿ ಇದೆ, ಹಕ್ಕುಪತ್ರ ಇಲ್ಲ, ಪತ್ರ ಕೊಟ್ಟರೆ ಬ್ಯಾಂಕ್ ಸಾಲ ಸಿಕ್ಕಿ ಮೇಲೆ ಬರುತ್ತಾರೆ ಎಂಬುದು ಅವರ ವಾದ. ಅರ್ಜೆಂಟೀನಾದ ಬ್ಯುನಸ್ ಐರಿಸ್ ಹೊರವಲಯದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಹಕ್ಕುಪತ್ರ ಸಿಕ್ಕವರು ಮನೆ ಗಟ್ಟಿ ಮಾಡಿಕೊಂಡರು, ಮಕ್ಕಳನ್ನು ಹೆಚ್ಚು ಓದಿಸಿದರು. ಬ್ಯಾಂಕ್ ಸಾಲ ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಬ್ಯಾಂಕಿನವರು ಮೊದಲು ಕೇಳುವುದು ಸಂಬಳದ ಚೀಟಿ. ಹಕ್ಕುಪತ್ರದ ಬೆಲೆ ಸಾಲಕ್ಕಿಂತ ಹೆಚ್ಚಾಗಿ ನೆಮ್ಮದಿಯಲ್ಲಿದೆ. ನಾಳೆ ಯಾರೂ ಬಂದು ಎಬ್ಬಿಸುವುದಿಲ್ಲ ಅನ್ನುವುದು ಸಣ್ಣ ವಿಷಯ ಅಲ್ಲ.

ಆ ನೆಮ್ಮದಿಗೆ ಸರ್ಕಾರ ಜವಾಬು ಹೊರುವ ಪದ್ಧತಿ 1858ರಲ್ಲೇ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಂತು. ರಾಬರ್ಟ್ ಟಾರೆನ್ಸ್ ತಂದದ್ದು. ಸರ್ಕಾರದ ರಿಜಿಸ್ಟರಿನಲ್ಲಿ ಹೆಸರಿದ್ದರೆ ಅವರೇ ಒಡೆಯರು, ರಿಜಿಸ್ಟರ್ ತಪ್ಪಾಗಿ ಯಾರಿಗಾದರೂ ನಷ್ಟ ಆದರೆ ಸರ್ಕಾರ ಪರಿಹಾರ ಕೊಡುತ್ತದೆ. ನಮ್ಮಲ್ಲಿ ರಾಜಸ್ಥಾನ 2016ರಲ್ಲಿ ನಗರದ ಜಮೀನಿಗೆ ಅಂಥ ಕಾಯ್ದೆ ಮಾಡಿತು. ಕಾಯ್ದೆ ಮಾಡುವುದು ಕಷ್ಟದ ಕೆಲಸ ಅಲ್ಲ. ಪರಿಹಾರ ಕೊಡುತ್ತೇನೆ ಎಂದು ಬರೆದುಕೊಡಬೇಕಾದರೆ ಮೊದಲು ದಾಖಲೆಯ ಮೇಲೆ ಸರ್ಕಾರಕ್ಕೇ ನಂಬಿಕೆ ಬೇಕು.

ಹಾಗಾದರೆ ಸ್ಟಾಂಪ್ ಡ್ಯೂಟಿ ಇಳಿಸಿ, ಆಸ್ತಿ ತೆರಿಗೆ ಸರಿಮಾಡಿ ಅಂದರೆ ಆಯಿತಾ? ಮಹಾರಾಷ್ಟ್ರ 2020ರ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಡ್ಯೂಟಿಯಲ್ಲಿ 3 ಪರ್ಸೆಂಟ್ ಬಿಟ್ಟಾಗ ಮುಂಬೈನಲ್ಲಿ ನೋಂದಣಿ ಜಿಗಿದೇಬಿಟ್ಟಿತು. ಅದರಲ್ಲಿ ಸ್ವಲ್ಪ ಪಾಲು, ಹೇಗೂ ಕೊಳ್ಳಬೇಕಿದ್ದವರು ರಿಯಾಯಿತಿ ನೋಡಿ ಬೇಗ ಕೊಂಡಿದ್ದು. ಆದರೂ ದರಕ್ಕೆ ಜನ ಸ್ಪಂದಿಸುತ್ತಾರೆ ಅನ್ನುವುದು ಸ್ಪಷ್ಟ. ನಿಜವಾದ ಗಂಟು ಬೇರೆ ಇದೆ. ಸ್ಟಾಂಪ್ ಡ್ಯೂಟಿ ಹೋಗುವುದು ರಾಜ್ಯದ ಖಜಾನೆಗೆ. ಆಸ್ತಿ ತೆರಿಗೆ ಹೋಗುವುದು ಪಾಲಿಕೆ, ಪುರಸಭೆ, ಪಂಚಾಯಿತಿಗೆ. ವಾಣಿಜ್ಯ ತೆರಿಗೆ, ಅಬಕಾರಿ ಬಿಟ್ಟರೆ ರಾಜ್ಯದ ಸ್ವಂತ ತೆರಿಗೆಯಲ್ಲಿ ಮೂರನೇ ಜಾಗ ನೋಂದಣಿ ಮತ್ತು ಮುದ್ರಾಂಕದ್ದು. ತನ್ನ ಜೇಬಿನದ್ದು ಬಿಟ್ಟು ಪಾಲಿಕೆಯ ಜೇಬು ತುಂಬಿಸಲು ಯಾವ ಹಣಕಾಸು ಸಚಿವರು ಒಪ್ಪುತ್ತಾರೆ? ಅವರಿಗೂ ಗ್ಯಾರಂಟಿ ಇದೆ, ಸಂಬಳ ಇದೆ, ಬಡ್ಡಿ ಇದೆ.

ಅದಕ್ಕೇ ನಾನು ಕೇಳುವುದು ಚಿಕ್ಕದನ್ನು. ನೋಂದಣಿ ಶುಲ್ಕದಲ್ಲಿ ಏರಿಸಿದ ಆ ಶೇ 1 ಇದೆಯಲ್ಲ, ನಮ್ಮ 50 ಲಕ್ಷದ ಪತ್ರದಲ್ಲಿ ಅದು 50 ಸಾವಿರ ರೂಪಾಯಿ. ಅದನ್ನು ಪ್ರತ್ಯೇಕ ನಿಧಿಗೆ ಹಾಕಲಿ. ಆ ದುಡ್ಡಿನಲ್ಲಿ ಸರ್ವೆಯರುಗಳನ್ನು ತೆಗೆದುಕೊಳ್ಳಲಿ, ಪೋಡಿ ಮುಗಿಸಲಿ, ಪತ್ರದ ಚಕ್ಕುಬಂದಿಗೂ ನಕ್ಷೆಗೂ ತಾಳೆ ಮಾಡಲಿ. ಒಂದು ತಾಲೂಕು ಪೂರ್ತಿ ಆದ ಮೇಲೆ ಆ ತಾಲೂಕಿಗೆ ಮಾತ್ರ ಸರ್ಕಾರ ಜವಾಬು ಹೊರಲಿ, ತಪ್ಪಾದರೆ ಅದೇ ನಿಧಿಯಿಂದ ಪರಿಹಾರ ಕೊಡಲಿ. ಆಮೇಲೆ ಇನ್ನೊಂದು ತಾಲೂಕು. ಎಲ್ಲ ಕಡೆ ಒಟ್ಟಿಗೆ ಶುರು ಮಾಡಿದರೆ ಎಲ್ಲೂ ಮುಗಿಯುವುದಿಲ್ಲ. ಮೊದಲು ಹಳೆಯ ತಕರಾರು ಕಡಿಮೆ ಇರುವ, ಮಾರಾಟ ಹೆಚ್ಚಿರುವ ತಾಲೂಕನ್ನು ಆರಿಸಿಕೊಳ್ಳುವುದು ಒಳ್ಳೆಯದು. ದುಡ್ಡೂ ಅಲ್ಲೇ ಹುಟ್ಟುತ್ತದೆ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ನಿಮ್ಮ ಸ್ವಂತ ಜಮೀನಿನ ಕೇಸಿನ ಬಗ್ಗೆ ಮಾತ್ರ ವೇದಿಕೆಯಿಂದ ಉತ್ತರ ಹೇಳಲಾರೆ. ಮೂಲಪತ್ರ, ಇಸಿ (ಋಣಭಾರ ಪತ್ರ), ಪಹಣಿ ನೋಡದೆ ಹೇಳುವ ಸಲಹೆಗೆ ಬೆಲೆ ಇರುವುದಿಲ್ಲ.