ಮೂರನೇ ಡಿಕಾಕ್ಷನ್ ಯಾರಿಗೆ?

(ಹಿರಿಯ ನಾಗರಿಕರ ವೇದಿಕೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಸನ್ಮಾನ ಸ್ವಲ್ಪ ಉದ್ದ ಆಯ್ತು. ನನಗೆ ಕೊಟ್ಟಿದ್ದ ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತು ನಿಮಿಷ ಹಾರ, ಶಾಲು, ಫೋಟೋಗೇ ಹೋಯಿತು. ಪರವಾಗಿಲ್ಲ, ಪಾಠ ಮುಗಿಯುವ ಮೊದಲೇ ಗಂಟೆ ಹೊಡೆಯುವುದು ಮೇಷ್ಟ್ರಿಗೆ ಹೊಸದಲ್ಲ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಅವಿಭಕ್ತ ಕುಟುಂಬದ ಅವನತಿ’ ಅಂತ ಅಚ್ಚಾಗಿದೆ. ನನ್ನ ತಕರಾರು ಆ ‘ಅವನತಿ’ಯ ಮೇಲೆ. ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ‘ಕಾರ್ಡು ಪ್ರಿಂಟಾಗೋಯ್ತು ಸಾರ್’ ಅಂದರು. ಹಾಗಾಗಿ ಇವತ್ತು ಕಾರ್ಡಿನ ವಿರುದ್ಧವೇ ಮಾತಾಡುತ್ತೇನೆ.

ಮೊದಲು ನಮ್ಮ ಅಜ್ಜಿ ಮನೆಯ ಕಾಫಿ. ನನ್ನ ಹಳೇ ವಿದ್ಯಾರ್ಥಿಗಳು ಇಲ್ಲಿದ್ದರೆ ಇದನ್ನು ಆಗಲೇ ಕೇಳಿರುತ್ತೀರಿ. ಇನ್ನೊಂದು ಸಲ ಕೇಳಿ.

ಆ ಮನೆಯಲ್ಲಿ ಹತ್ತೊಂಬತ್ತು ಜನ. ಒಂದೇ ಅಡುಗೆಮನೆ, ಒಂದು ದೊಡ್ಡ ಹಿತ್ತಾಳೆ ಫಿಲ್ಟರು. ಬೆಳಗ್ಗೆ ನಾಲ್ಕೂವರೆಗೆ ಪುಡಿ ಹಾಕಿ ಕುದಿಯುವ ನೀರು ಸುರಿದರೆ ಇಳಿಯುವುದು ಮೊದಲ ಡಿಕಾಕ್ಷನ್. ಅದು ತಾತನಿಗೆ, ದೊಡ್ಡಪ್ಪನಿಗೆ, ನಮ್ಮಪ್ಪ, ಚಿಕ್ಕಪ್ಪನಿಗೆ, ಬಂದ ನೆಂಟರಿಗೆ. ಅದೇ ಪುಡಿಗೆ ಎರಡನೇ ಸಲ ನೀರು. ಅದು ಅಜ್ಜಿಗೆ, ಸೋದರತ್ತೆಗೆ, ಕಾಲೇಜಿಗೆ ಹೋಗುವ ಹುಡುಗರಿಗೆ. ಮೂರನೇ ಸಲ ನೀರು ಹಾಕಿದರೆ ಇಳಿಯುವುದರಲ್ಲಿ ಬಣ್ಣ ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಅದು ದೊಡ್ಡಮ್ಮ, ನಮ್ಮಮ್ಮ, ಚಿಕ್ಕಮ್ಮ, ಮೂವರು ಓರಗಿತ್ತಿಯರಿಗೆ. ಅದನ್ನೂ ನಿಂತುಕೊಂಡೇ ಕುಡಿಯುತ್ತಿದ್ದರು. ಅಜ್ಜಿ ಕೆಟ್ಟವರೇನಲ್ಲ. ಎಷ್ಟೋ ವರ್ಷ ಮೂರನೆಯದನ್ನೇ ಕುಡಿದು, ಎರಡನೆಯದಕ್ಕೆ ಬಡ್ತಿ ಪಡೆದವರು ಅವರು.

ಚಿಕ್ಕಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕ್ವಾರ್ಟರ್ಸ್ ಕೊಟ್ಟರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಕಟ್ಟಿಕೊಂಡು ಚಿಕ್ಕಮ್ಮ ಹೊರಟ ದಿನ ಮನೆಯಲ್ಲಿ ಸೂತಕದ ಹಾಗಿತ್ತು. ‘ಮನೆ ಒಡೀತು’ ಅಂದರು ತಾತ. ಆರು ತಿಂಗಳ ಮೇಲೆ ಅಜ್ಜಿ ನೋಡಲು ಹೋದರು. ನಾನು ಎಂಟು ವರ್ಷದವನು, ಅವರ ಚೀಲ ಹಿಡಿದುಕೊಂಡು ಜೊತೆಗೆ ಹೋದೆ. ಚಿಕ್ಕಮ್ಮ ಎರಡು ಲೋಟ ಕಾಫಿ ತಂದರು. ಒಂದನ್ನು ಅತ್ತೆಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಎದುರಿಗೇ ಕುಳಿತರು. ಕುಳಿತರು! ಎರಡೂ ಲೋಟದ ಬಣ್ಣ ಒಂದೇ. ಅಜ್ಜಿ ಆ ಲೋಟ ನೋಡಿದರು, ತಮ್ಮ ಲೋಟ ನೋಡಿದರು. ಏನೂ ಅನ್ನದೆ ಒಂದು ಗುಟುಕು ಕುಡಿದರು. ಆಮೇಲೆ ಕೇಳಿದರು, ‘ಪುಡಿ ಎಲ್ಲಿಂದ ತರಿಸ್ತೀಯೇ?’

ಪುಡಿ ಅದೇ ಪುಡಿ, ಸ್ವಾಮಿ. ನಮ್ಮ ಮನೆಯದೇ ಪೊಟ್ಟಣ. ಅಜ್ಜಿ ಮೊದಲ ಡಿಕಾಕ್ಷನ್ನಿನ ರುಚಿ ನೋಡಿ ಎಷ್ಟು ವರ್ಷವಾಗಿತ್ತೋ!

ಇದನ್ನು ಅವನತಿ ಅಂತ ಹೇಗೆ ಕರೆಯಲಿ?

ಇನ್ನೊಂದು ಮಾತು. ಹಿಂದೆ ಎಲ್ಲರೂ ಕೂಡಿ ಬಾಳುತ್ತಿದ್ದರು ಅಂತ ನಾವು ಹೇಳುತ್ತೇವಲ್ಲ, ಅದೂ ಪೂರ್ತಿ ನಿಜವಲ್ಲ. ಎ. ಎಂ. ಶಾ ಅಂತ ದೊಡ್ಡ ಸಮಾಜಶಾಸ್ತ್ರಜ್ಞರು. ಗುಜರಾತಿನ ಒಂದು ಹಳ್ಳಿಯ 1825ರ ದಾಖಲೆ ಹುಡುಕಿ ತೆಗೆದು ಮನೆ ಮನೆ ಲೆಕ್ಕ ಹಾಕಿದರು. ಜಾಸ್ತಿ ಇದ್ದದ್ದು ಚಿಕ್ಕ ಮನೆಗಳೇ. ದೊಡ್ಡ ಮನೆ ಬೇಕಾದರೆ ದೊಡ್ಡ ಜಮೀನು ಬೇಕು. ಅಜ್ಜ ಅಜ್ಜಿ ಬದುಕಿರಬೇಕು. ಸ್ವಾತಂತ್ರ್ಯ ಬಂದಾಗ ನಮ್ಮ ಸರಾಸರಿ ಆಯಸ್ಸು ಸುಮಾರು 32 ವರ್ಷ. ಆ ಲೆಕ್ಕವನ್ನು ಕೆಳಗಿಳಿಸಿದ್ದು ಎಳೆ ಮಕ್ಕಳ ಸಾವು, ಒಪ್ಪುತ್ತೇನೆ. ಆದರೂ ಮೊಮ್ಮಗನ ಮದುವೆ ನೋಡಿದವರು ಆಗ ಎಷ್ಟು ಜನ? ಈ ಸಭಾಂಗಣದಲ್ಲಿ ಇರುವಷ್ಟು ಎಪ್ಪತ್ತು ದಾಟಿದವರು ಒಂದೇ ಕಡೆ ಸೇರುವುದು ಆ ಕಾಲದಲ್ಲಿ ಪವಾಡವೇ. ಅಂದರೆ ಮುಪ್ಪಿನಲ್ಲಿ ಇಪ್ಪತ್ತು ವರ್ಷ ನೋಡಿಕೊಳ್ಳುವ ಪ್ರಶ್ನೆಯೇ ಹಳೇ ಮನೆಗೆ ಅಷ್ಟಾಗಿ ಬಂದಿರಲಿಲ್ಲ. ಅದು ಗೆದ್ದದ್ದು ಪರೀಕ್ಷೆಗೇ ಕೂರದೆ!

ಕಳೆದುಕೊಂಡದ್ದು ಏನೂ ಇಲ್ಲ ಅಂತಲ್ಲ. ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು 2.9 ಇತ್ತು. 2019-21ಕ್ಕೆ 1.7 ಆಗಿದೆ. ಈ ಲೆಕ್ಕದ ಏಟು ಬಿದ್ದದ್ದು ನಮ್ಮ ಭಾಷೆಗೆ. ಒಬ್ಬನೇ ಮಗನಿದ್ದರೆ ಅವನ ಹೆಂಡತಿಗೆ ಓರಗಿತ್ತಿ ಎಲ್ಲಿಂದ ಬರಬೇಕು? ಒಬ್ಬಳೇ ಮಗಳಾದರೆ ಅಳಿಯನಿಗೆ ಷಡ್ಡಕ ಇಲ್ಲ. ಎರಡು ತಲೆಮಾರು ಒಂದೊಂದೇ ಮಗುವಾದರೆ ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಎಲ್ಲ ಕಾಣೆ. ನನ್ನ ಮೊಮ್ಮಗಳು ಮೊನ್ನೆ ಕೇಳಿದಳು, ‘ತಾತ, ಷಡ್ಡಕ ಅಂದ್ರೆ ಬೈಗುಳಾನಾ?’ ನಮ್ಮ ಷಡ್ಡಕರನ್ನು ನೆನೆದುಕೊಂಡು ಸುಮ್ನೆ ಇದ್ದೆ.

ಗೃಹಲಕ್ಷ್ಮಿ ವಿಷಯಕ್ಕೆ ಬರೋಣ. ಇಲ್ಲಿ ರಾಜಕೀಯ ಬೇಡ. 2023ರಲ್ಲಿ ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಗೆ ಅಂದಾಗ ‘ಅತ್ತೆಗೋ ಸೊಸೆಗೋ’ ಅಂತ ಊರೆಲ್ಲ ನಕ್ಕೆವು. ಅರ್ಜಿ ಹಾಕಲು ನನ್ನ ಹೆಂಡತಿಯ ಜೊತೆ ನಾನೂ ಹೋಗಿದ್ದೆ. ನಮ್ಮ ಮುಂದೆ ಅತ್ತೆ, ಸೊಸೆ, ನಡುವೆ ಮಗ. ಕಂಪ್ಯೂಟರ್ ಮುಂದಿನ ಹುಡುಗ ‘ಯಜಮಾನಿ ಯಾರು?’ ಅಂದ. ಮಗ ‘ನಾನೇ’ ಅಂದ. ‘ಸಾರ್, ಯಜಮಾನಿ’ ಅಂದ ಹುಡುಗ. ಕ್ಯೂ ಎಲ್ಲ ನಕ್ಕಿತು. ಆದರೆ 2013ರ ಆಹಾರ ಭದ್ರತಾ ಕಾಯ್ದೆ ಆಗಲೇ ಹೇಳಿತ್ತು: ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ ಅಂತ. ಚೀಟಿಯಲ್ಲಿ ಹೆಸರು ಬಂತು. ಕೆಲಸ ಹಂಚಿಕೆಯಾಯಿತೇ?

ಇಲ್ಲ. 2019ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ. ಗಂಡಸರು 97. ಅದೂ ಮಾಡುವ ಗಂಡಸರು ಮಾತ್ರ. ನೂರರಲ್ಲಿ ಇಪ್ಪತ್ತಾರು ಜನ ಅಷ್ಟೇ ಮಾಡುವವರು! ನಾನು ಉಳಿದ ಎಪ್ಪತ್ತನಾಲ್ಕರಲ್ಲಿದ್ದೆ. ‘ಕುಟುಂಬ ಎಂದರೇನು’ ಅಂತ ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನಿಗೆ ಮನೆಯ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಇವಳಿಗೆ ಮಂಡಿ ಆಪರೇಷನ್ ಆದಾಗ ಅರವತ್ತೆಂಟನೇ ವಯಸ್ಸಿನಲ್ಲಿ ಫಿಲ್ಟರಿಗೆ ಕೈ ಹಾಕಿದೆ. ಮೊದಲ ದಿನ ಮುಚ್ಚಳ ಹಾಕಿದ್ದೆ, ಪುಡಿ ಮರೆತಿದ್ದೆ. ಬಿಸಿನೀರು ಇಳಿಯಿತು. ನಾಲ್ಕನೇ ಡಿಕಾಕ್ಷನ್ ಅಂತ ಹೆಸರಿಟ್ಟಳು.

ಅಧ್ಯಕ್ಷರಿಂದ ಚೀಟಿ ಬಂತು. ಇನ್ನು ಹತ್ತು ನಿಮಿಷವಂತೆ. ತಡವಾಗಿ ಮದುವೆ, ಮದುವೆಯೇ ಬೇಡ ಅನ್ನುವವರು, ವಿಚ್ಛೇದನ, ಇವೆಲ್ಲ ಬರೆದುಕೊಂಡು ಬಂದಿದ್ದೆ, ಬಿಡುತ್ತೇನೆ. ಆದರೆ ಒಂದನ್ನು ಹೇಳದೆ ಇಳಿಯುವುದಿಲ್ಲ.

‘ಸೊಸೆ ನೋಡಿಕೊಳ್ಳುವುದಿಲ್ಲ’ ಅಂತ ಈ ವೇದಿಕೆಯ ಪ್ರತಿ ಸಭೆಯಲ್ಲೂ ಕೇಳುತ್ತೇನೆ. 2007ರಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂತಲ್ಲ, ಅದರಲ್ಲಿ ‘ಮಕ್ಕಳು’ ಅಂದರೆ ಯಾರು ಅಂತ ಓದಿದ್ದೀರಾ? ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಆ ಪಟ್ಟಿಯಲ್ಲಿ ಸೊಸೆ ಇಲ್ಲ! ಜವಾಬ್ದಾರಿ ಹೆತ್ತ ಮಕ್ಕಳದು. ಮಗಳದೂ ಹೌದು. ಪಿತ್ರಾರ್ಜಿತದಲ್ಲಿ ಅವಳಿಗೆ ಪಾಲು ಕೊಡಲು ಕರ್ನಾಟಕ 1994ರಲ್ಲೇ ಶುರುಮಾಡಿತು, 2005ರಲ್ಲಿ ದೇಶಕ್ಕೆಲ್ಲ ಆಯಿತು. ಆದರೂ ‘ಮಗಳ ಮನೆಯಲ್ಲಿ ಎಷ್ಟು ದಿನ ಇರೋದು’ ಅನ್ನುವ ಮುಜುಗರ ನಮಗೇ ಬಿಟ್ಟಿಲ್ಲ. ಮಗನಿಗೆ ಒಂದು ಲೋಟ ಕಾಫಿ ಮಾಡಲೂ ಕಲಿಸಿಲ್ಲ. ಬೇರೆ ಮನೆಯಿಂದ ಬಂದ ಹುಡುಗಿ, ಅವಳೂ ಆಫೀಸಿಗೆ ಹೋಗಿ ಬರುವವಳು, ಮೂರನೇ ಡಿಕಾಕ್ಷನ್ ಕುಡಿದು ನಮ್ಮ ಕಾಲು ಒತ್ತಬೇಕು ಅಂತ ಕಾಯುತ್ತಿದ್ದೇವೆ. ಅವನತಿ ಅಂತ ನಾವು ಅಳುತ್ತಿರುವುದು ಆ ಪುಕ್ಕಟೆ ದುಡಿಮೆ ಹೋಯಿತಲ್ಲ ಅಂತ. ಬೇಜಾರು ಮಾಡಿಕೊಳ್ಳಬೇಡಿ, ನನ್ನನ್ನೂ ಸೇರಿಸಿಯೇ ಹೇಳಿದೆ.

ಇನ್ನೊಂದು ಚೀಟಿ. ಆಯ್ತು ಅಧ್ಯಕ್ಷರೇ, ಎರಡೇ ಮಾತು.

ಆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಅವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳ ಹತ್ತಿರ. ಆದರೆ ಷರತ್ತು ಪತ್ರದಲ್ಲೇ ಬರೆದಿರಲಿ. ‘ನನ್ನ ಮಗ ಅಂಥವನಲ್ಲ’ ಅಂತ ಅದನ್ನು ಬಿಟ್ಟು ಸಹಿ ಹಾಕಬೇಡಿ. ಅಂಥವನಲ್ಲದಿದ್ದರೆ ಷರತ್ತಿನಿಂದ ಅವನಿಗೇನು ತೊಂದರೆ? ಈಗಾಗಲೇ ದಾನಪತ್ರ ಮಾಡಿಸಿರುವವರು ಒಂದು ಜೆರಾಕ್ಸ್ ತನ್ನಿ, ಒಟ್ಟಿಗೆ ಓದಿ ನೋಡೋಣ. ಭಾನುವಾರ ಬೆಳಗ್ಗೆ ಹತ್ತಕ್ಕೆ ನಾನು ಇಲ್ಲೇ ವಾಚನಾಲಯದಲ್ಲಿ ಇರುತ್ತೇನೆ. ಫ್ಲಾಸ್ಕಿನಲ್ಲಿ ಕಾಫಿ ನಾನೇ ತರುತ್ತೇನೆ, ಈಗ ಪುಡಿ ಮರೆಯುವುದಿಲ್ಲ.